ಕಂಪ್ಯೂಟರಿಗೆ ಓದಿ ಕಲಿಸುವ ಕೆಲಸ: ಇಲ್ಲಿಯವರೆಗಿನ ಕಥೆ

ಈಗ ಕಂಪ್ಯೂಟರನ್ನು ಏನು ಕೇಳಿದರೂ ಉತ್ತರ ಬರುತ್ತದೆ. ಅದಕ್ಕೆ ಇದೆಲ್ಲ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಮಾತ್ರ ಜಗಳ ಶುರು. ಓದಿ ಕಲಿತಿದೆ ಅನ್ನುವವರಿದ್ದಾರೆ. ಸುಮ್ನೆ ಪದ ಜೋಡಿಸುತ್ತಿದೆ ಅನ್ನುವವರೂ ಇದ್ದಾರೆ.

1984ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಡಗ್ಲಸ್ ಲೆನಾಟ್ ಶುರು ಮಾಡಿದ 'ಸೈಕ್' ಯೋಜನೆಯಲ್ಲಿ ಓದಿಸುವ ಗೋಜಿಗೆ ಹೋಗಲಿಲ್ಲ. ಜನರೇ ಕೂತು ಲೋಕಜ್ಞಾನವನ್ನು ಒಂದೊಂದೇ ನಿಯಮವಾಗಿ ಬರೆದರು. ದಶಕಗಳು ಕಳೆದರೂ ಅದು ಮುಗಿಯಲಿಲ್ಲ. 1992ರಲ್ಲಿ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಮಾರ್ಟಿ ಹರ್ಸ್ಟ್ ಬೇರೆ ದಾರಿ ತೋರಿಸಿದರು. 'ಚಿನ್ನ, ತಾಮ್ರ ಮುಂತಾದ ಲೋಹಗಳು' ಎಂಬಂಥ ವಾಕ್ಯ ಸಿಕ್ಕರೆ ಸಾಕು, ಚಿನ್ನ ಒಂದು ಲೋಹ ಅಂತ ಯಂತ್ರ ತಾನೇ ಹೆಕ್ಕಿಕೊಳ್ಳಬಹುದು.

ಈ ಉಪಾಯವನ್ನು ತುಂಬಾ ದೂರ ಒಯ್ದದ್ದು 'ನೆಲ್' ಎಂಬ ಪ್ರೋಗ್ರಾಂ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರ ಜನವರಿಯಲ್ಲಿ ಇದನ್ನು ಚಾಲೂ ಮಾಡಿತು. ಹಗಲು ರಾತ್ರಿ ವೆಬ್ ಓದುವುದೇ ಇದರ ಕೆಲಸವಾಗಿತ್ತು. ನಗರ, ಕಂಪನಿ, ಕ್ರೀಡೆ ಹೀಗೆ ಒಂದೊಂದು ವರ್ಗಕ್ಕೆ ಹತ್ತು ಹದಿನೈದು ಉದಾಹರಣೆ ಕೊಟ್ಟಿದ್ದರು. ಆ ಹೆಸರುಗಳು ಎಂಥ ವಾಕ್ಯಗಳಲ್ಲಿ ಬರುತ್ತವೆ ಅಂತ ಅದು ನೋಡುತ್ತಿತ್ತು. ಅದೇ ಥರದ ವಾಕ್ಯಗಳಿಂದ ಹೊಸ ಹೆಸರು, ಹೊಸ ಹೆಸರಿನಿಂದ ಇನ್ನಷ್ಟು ವಾಕ್ಯ. 67 ದಿನ ಓದಿದ ಮೇಲೆ 2,42,000ಕ್ಕೂ ಹೆಚ್ಚು ಸಂಗತಿ ಕೂಡಿಹಾಕಿತ್ತು. ಅಂದಾಜು 74% ಸರಿ. ಕಡಿಮೆ ಅನ್ನಿಸಬಹುದು, ಆದರೆ ಆ ಉದಾಹರಣೆಗಳನ್ನು ಬಿಟ್ಟರೆ ಯಾರೂ ಪಾಠ ಮಾಡದೆ ಕಲಿತದ್ದಲ್ವಾ?

ತೊಂದರೆ ಇದ್ದದ್ದು ತಪ್ಪು ಮರಿ ಹಾಕುವುದರಲ್ಲಿ. ಇಂಗ್ಲಿಷಿನಲ್ಲಿ ಕುಕಿ ಅಂದರೆ ಬಿಸ್ಕತ್ತು; ವೆಬ್‌ಸೈಟುಗಳು ಬ್ರೌಸರಿನಲ್ಲಿ ಉಳಿಸುವ ಪುಟ್ಟ ಮಾಹಿತಿಗೂ ಅದೇ ಹೆಸರು. ಈ ಬ್ರೌಸರಿನ ಕುಕಿಗಳನ್ನು ನೆಲ್ ತಿನ್ನುವ ಬಿಸ್ಕತ್ತಿನ ಸಾಲಿಗೆ ಸೇರಿಸಿತು. 'ಕುಕಿಗಳನ್ನು ಡಿಲೀಟ್ ಮಾಡಿದೆ' ಎಂಬ ವಾಕ್ಯ ಓದಿತ್ತು. ಆಮೇಲೆ 'ಫೈಲುಗಳನ್ನು ಡಿಲೀಟ್ ಮಾಡಿದೆ' ಅಂತ ಕಂಡಾಗ ಫೈಲೂ ತಿಂಡಿಯೇ ಆಯಿತು! ಒಂದೇ ಹೆಸರು ಊರೂ ಆಗಿ ಮನುಷ್ಯನೂ ಆಗುವಂತಿಲ್ಲ ಎಂಬಂಥ ಕಟ್ಟುಪಾಡುಗಳನ್ನು ಮೊದಲೇ ಹಾಕಿದ್ದರು. ಆದರೂ ಆಗಾಗ ಮನುಷ್ಯರೇ ಕೈಹಾಕಿ ತಿದ್ದಬೇಕಾಯಿತು. ತಿದ್ದಲು ಸಾಧ್ಯವಿತ್ತು ಅನ್ನುವುದೇ ದೊಡ್ಡ ಮಾತು. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಎಷ್ಟು ನಂಬಬಹುದು ಎಂಬ ಲೆಕ್ಕ ಇರುತ್ತಿತ್ತು.

2017ರಲ್ಲಿ ಭಾಷೆ ಕಲಿಯುವ ಯಂತ್ರಗಳಿಗೆ 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ವಿನ್ಯಾಸ ಬಂದ ಮೇಲೆ ಗಾಳಿ ಬೇರೆ ಕಡೆ ತಿರುಗಿತು. ಸಂಗತಿ ಹೆಕ್ಕುವ ಬದಲು ಮುಂದಿನ ಪದ ಊಹಿಸುವುದೇ ಕಲಿಕೆಯಾಯಿತು. ಹೀಗೆ ಕಲಿತ, 2020ರ ಜಿಪಿಟಿ-3 ಎಂಬ ಭಾಷಾ ಮಾದರಿಯ ಒಳಗೆ 17,500 ಕೋಟಿ ಸಂಖ್ಯೆಗಳಿವೆ. ಓದಿದ್ದೆಲ್ಲ ಅದರಲ್ಲೇ ಹರಡಿಕೊಂಡಿದೆ. ನಿರರ್ಗಳವಾಗಿ ಮಾತಾಡುತ್ತದೆ, ನಿಜ. ಆದರೆ ತಪ್ಪು ಸಿಕ್ಕಿದಾಗ ಅಳಿಸಿ ಬರೆಯೋಣ ಅಂದರೆ ಬೆರಳಿಟ್ಟು ತೋರಿಸಲು ಒಂದು ಸಾಲೂ ಇಲ್ಲ. ಹಾಗಾಗಿ ಈಗ ಪ್ರಶ್ನೆ ಬಂದಾಗ ವೆಬ್ ಪುಟಗಳನ್ನು ಹುಡುಕಿ, ಮೂಲದ ಕೊಂಡಿ ತೋರಿಸುವ ವ್ಯವಸ್ಥೆಯನ್ನು ಹೊರಗಿನಿಂದ ಜೋಡಿಸುತ್ತಿದ್ದಾರೆ. ಆದರೆ ಆ ಪುಟಗಳಲ್ಲೇ ಯಂತ್ರ ಬರೆದವು ಜಾಸ್ತಿಯಾಗುತ್ತಿವೆ.