ಕಸ ಬೆಂಗಳೂರಿನದು, ನಾತ ಮಾವಳ್ಳಿಪುರದ್ದು

ಬೆಂಗಳೂರಿನ ಕಸದ ಇತಿಹಾಸ ತಿಳಿಯಬೇಕಾದರೆ ಪಾಲಿಕೆಯ ಯೋಜನೆಗಳನ್ನು ಓದಿ ಪ್ರಯೋಜನವಿಲ್ಲ. ಸುತ್ತಲಿನ ಹಳ್ಳಿಗಳ ಹೆಸರು ನೋಡಿ: ಮಾವಳ್ಳಿಪುರ, ಮಂಡೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ. ಒಂದೂರಿನವರು ಲಾರಿ ತಡೆದರೆ ಇನ್ನೊಂದೂರು ಹುಡುಕುವುದು, ಬಹಳ ವರ್ಷ ಇದೇ ನಮ್ಮ ಕಸದ ನೀತಿಯಾಗಿತ್ತು.

ಬೀದಿ ಮೂಲೆಯ ಸಿಮೆಂಟ್ ತೊಟ್ಟಿಗಳು ಸ್ವಲ್ಪ ವಯಸ್ಸಾದವರಿಗೆ ನೆನಪಿರುತ್ತವೆ. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ನಗರಗಳ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು, 2000ದಲ್ಲಿ ದೇಶಕ್ಕೆಲ್ಲ ನಗರ ಕಸದ ನಿಯಮ ಬಂತು. ಅದರ ಬೆನ್ನಿಗೇ ಇಲ್ಲಿ ಮನೆ ಮನೆಯಿಂದ ಕಸ ಎತ್ತುವುದು ಶುರುವಾಯಿತು. ತೊಟ್ಟಿ ಮಾಯವಾದವು. ಆದರೆ ಎತ್ತಿದ್ದೆಲ್ಲ ಒಂದೇ ಲಾರಿಗೆ, ಲಾರಿ ನೇರ ಊರಾಚೆಗೆ.

2012ರ ಜುಲೈನಲ್ಲಿ ಈ ಆಟ ನಿಂತಿತು. ಮಾವಳ್ಳಿಪುರದ ಜನ ವರ್ಷಗಟ್ಟಲೆ ಕೂಗಿದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಆ ಕಸದ ಗುಂಡಿ ಮುಚ್ಚಿಸಿತು, ಆಮೇಲೆ ನಗರದ ರಸ್ತೆಗಳಲ್ಲಿ ಗುಡ್ಡಗುಡ್ಡ ಕಸ. ಆಗ ತಾನೇ ಪಾಲಿಕೆಗೆ ನೆನಪಾಗಿದ್ದು: ಅಕ್ಟೋಬರ್ 1ರಿಂದ ಕಸ ವಿಂಗಡಣೆ ಕಡ್ಡಾಯ! ಹೊರೆ ಮಾತ್ರ ಮಂಡೂರಿನ ಮೇಲೆ ಬಿತ್ತು. 2014ರ ಜೂನ್‌ನಲ್ಲಿ ಅವರೂ ರಸ್ತೆಗಿಳಿದರು, ಡಿಸೆಂಬರ್ 1ರಿಂದ ಕಸ ತರುವುದಿಲ್ಲ ಎಂದು ಸರ್ಕಾರ ಮಾತು ಕೊಡಬೇಕಾಯಿತು. ಆಮೇಲಿನ ಸರದಿ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳಂಥ ಕಡೆಯ ಹಳೆಯ ಕಲ್ಲು ಕ್ವಾರಿಗಳದ್ದು.

ಇದು ಬರೀ ನಾತದ ಜಗಳ ಅಲ್ಲ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ: ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಒಣಗಿದ ಹೂವು. ಅದನ್ನು ಪ್ಲಾಸ್ಟಿಕ್ ಜೊತೆ ಬೆರೆಸಿ ರಾಶಿ ಹಾಕಿದರೆ ಕೆಳಗೆ ಗಾಳಿ ಸಿಗುವುದಿಲ್ಲ, ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ ಅದು. ರಾಶಿಯಿಂದ ಇಳಿಯುವ ಕಪ್ಪು ನೀರು ಬೇರೆ. ಅದೇ ಸಿಪ್ಪೆ ಗಾಳಿಯಾಡುವ ಡಬ್ಬದಲ್ಲಿ ಕೊಳೆತರೆ ಗೊಬ್ಬರ. ಇದೇನು ಹೊಸ ಸಂಶೋಧನೆ ಅಲ್ಲ, ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೇ 1975ರಲ್ಲಿ. ಆದರೆ ಗೊಬ್ಬರ ಮಾಡುವವರಿಗೆ ಬೆರಕೆ ಕಸ ಕಳಿಸಿದರೆ ಅವರಾದರೂ ಏನು ಮಾಡಿಯಾರು? ಗಾಜಿನ ಚೂರಿರುವ ಗೊಬ್ಬರವನ್ನು ಯಾವ ರೈತ ಹೊಲಕ್ಕೆ ಹಾಕುತ್ತಾನೆ?

ಈಗ ನಾವೆಲ್ಲ ಮಾಡುವ ಎರಡು ಡಬ್ಬ, ಒಂದು ಚೀಲದ ಪದ್ಧತಿಯೂ ಪಾಲಿಕೆ ತಾನಾಗಿ ತಂದಿದ್ದಲ್ಲ, 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಆದೇಶ. ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು ಡೈಪರ್‌ಗಳಿಗೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಇಷ್ಟು ಸರಳವಾದದ್ದಕ್ಕೂ ನ್ಯಾಯಾಧೀಶರೇ ಹೇಳಬೇಕಾಯಿತು ನೋಡಿ.

ಪಾಲಿಕೆಗೆ ಕ್ರೆಡಿಟ್ ಕೊಡಬೇಕಾದ ಕೆಲಸವೂ ಒಂದಿದೆ. 2011ರಲ್ಲೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ಆಮೇಲೆ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸಲು ಅವರಲ್ಲಿ ಹಲವರಿಗೆ ಅವಕಾಶ ಸಿಕ್ಕಿತು. ಅಲ್ಲಿವರೆಗೂ ಪೊಲೀಸರ ಕಣ್ಣಿಗೆ ಅವರು ಕಳ್ಳರು. ನಗರದ ಬಾಟಲಿ, ರಟ್ಟು, ಕವರ್ ಎಲ್ಲ ಗುಂಡಿ ಸೇರದಂತೆ ತಡೆಯುತ್ತಿದ್ದವರು ಮೊದಲಿನಿಂದಲೂ ಇವರೇ, ಅದೂ ಯಾರಿಂದಲೂ ಸಂಬಳ ಇಲ್ಲದೆ.

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಬಂತು. ಗುರಿ ದೊಡ್ಡದು, 2050ಕ್ಕೆ ನಿವ್ವಳ ಶೂನ್ಯ, ಅಂದರೆ ನಗರ ಬಿಡುವ ಬಿಸಿ ಹಿಡಿಯುವ ಅನಿಲಕ್ಕೂ ಹೀರಿಕೊಳ್ಳುವುದಕ್ಕೂ ಲೆಕ್ಕ ಸಮ. ಅದರಲ್ಲಿ ಕಸಕ್ಕೂ ಒಂದು ಪಾಲಿದೆ. ಇನ್ನೊಂದು ಕಡೆ ಬಿಡದಿಯಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ 11.5 ಮೆಗಾವಾಟ್ ಘಟಕ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ನಮ್ಮ ಒದ್ದೆ ಕಸ ಚೆನ್ನಾಗಿ ಉರಿಯುವುದಿಲ್ಲ, ಉರಿಯುವುದು ರಟ್ಟು ಮತ್ತು ಪ್ಲಾಸ್ಟಿಕ್. ಪ್ಲಾಸ್ಟಿಕ್ ಸುಟ್ಟರೆ ಪೆಟ್ರೋಲಿಯಂ ಸುಟ್ಟ ಹಾಗೇ ಅಲ್ವಾ?

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿದು ದಂಡ ಹಾಕಿದರು. ವಿಡಿಯೋ ನೋಡಿ ಎಲ್ಲರೂ ನಕ್ಕೆವು. ಅದಕ್ಕಿಂತ ಗಂಭೀರವಾದದ್ದು ಅದೇ ವರ್ಷ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಬಂದ ಕಸ ಶುಲ್ಕ: ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ದುಡ್ಡು ಕೇಳಿದ್ದು ತಪ್ಪಲ್ಲ. ಆದರೆ ಆ ದರ ನಿಂತಿರುವುದು ಮನೆ ಎಷ್ಟು ಚದರಡಿ ಎಂಬುದರ ಮೇಲೆ. ಆ ಮನೆಯಿಂದ ದಿನಾ ಎಷ್ಟು ಕಸ, ಎಂಥ ಕಸ ಹೊರಬೀಳುತ್ತದೆ ಎಂಬುದನ್ನು ಇನ್ನೂ ಯಾರೂ ತೂಗುತ್ತಿಲ್ಲ.