ಅಪ್ಪನ ದಂಡು, ಮಗನ ಪಾಡು

ಜಪಾನಿನ ಸೆಂಗೋಕು ಕಾಲದ, ಅಂದರೆ ಸರದಾರರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲದ ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ತಕೇದಾ ಶಿಂಗೆನ್ ಅಷ್ಟು ದೊಡ್ಡ ರಾಜ್ಯ ಕಟ್ಟಿಟ್ಟು 1573ರಲ್ಲಿ ತೀರಿಕೊಂಡ, ಮಗ ಕತ್ಸುಯೋರಿ ಒಂಬತ್ತೇ ವರ್ಷದಲ್ಲಿ ಎಲ್ಲ ಕಳೆದುಕೊಂಡ, ಅವನಿಗೆ ಬುದ್ಧಿ ಇರಲಿಲ್ವಾ ಸಾರ್?

ಇತ್ತು. ಧೈರ್ಯವೂ ಇತ್ತು. ಅಪ್ಪನ ಕೈಗೆ ಸಿಗದ ತಕತೆಂಜಿನ್ ಕೋಟೆಯನ್ನು 1574ರಲ್ಲಿ ಹಿಡಿದವನು ಅವನೇ. ನನಗೆ ಕಾಣುವ ಹಾಗೆ, ತೊಡಕು ಶುರುವಾಗಿದ್ದು ಅವನು ಹುಟ್ಟುವ ಮೊದಲೇ.

1542ರಲ್ಲಿ ಶಿಂಗೆನ್ ನೆರೆಯ ಸುವಾ ಸೀಮೆಯನ್ನು ಗೆದ್ದ. ಅದರ ಒಡೆಯ, ಯೋರಿಶಿಗೆ ಎಂಬವನು, ಹೊಟ್ಟೆ ಸೀಳಿಕೊಂಡು ಸಾಯಬೇಕಾಯಿತು. ಆಮೇಲೆ ಅವನ ಮಗಳನ್ನೇ ಶಿಂಗೆನ್ ತನ್ನ ಮನೆಗೆ ತಂದುಕೊಂಡ. ಅವಳ ಮಗನೇ ಕತ್ಸುಯೋರಿ, ಹುಟ್ಟಿದ್ದು 1546ರಲ್ಲಿ. ಈ ಹುಡುಗ ತಾಯಿಯ ಮನೆತನ ಮುಂದುವರಿಸಲಿ ಅಂತ ಇಟ್ಟಿದ್ದರು. ಹೆಸರು ನೋಡಿದರೇ ಗೊತ್ತಾಗುತ್ತದೆ. ತಕೇದಾ ಗಂಡುಮಕ್ಕಳ ಹೆಸರಲ್ಲಿ 'ನೊಬು' ಬರುತ್ತಿತ್ತು, ಇವನಿಗೆ ಬಂದಿದ್ದು ಸುವಾದವರ 'ಯೋರಿ'. ಆದರೆ ದೊಡ್ಡಣ್ಣ ಯೋಶಿನೋಬು ಅಪ್ಪನ ವಿರುದ್ಧ ಸಂಚು ಮಾಡಿದನೆಂಬ ಆರೋಪದಲ್ಲಿ ಸೆರೆಯಾಗಿ 1567ರಲ್ಲಿ ಸತ್ತ. ಎರಡನೆಯವನಿಗೆ ಕಣ್ಣು ಕಾಣುತ್ತಿರಲಿಲ್ಲ, ಮೂರನೆಯವನು ಚಿಕ್ಕಂದಿನಲ್ಲೇ ಹೋಗಿದ್ದ. ಹಾಗಾಗಿ ಸರದಿ ನಾಲ್ಕನೆಯವನಿಗೆ ಬಂತು.

ತಕೇದಾ ಕಡೆಯ ಒಂದು ಹಳೆಯ ಕಥನವಂತೂ ಇನ್ನೂ ಕಠಿಣವಾದ ಮಾತು ಹೇಳುತ್ತದೆ. ನಿಜವಾದ ವಾರಸುದಾರ ಮೊಮ್ಮಗ, ಅಂದರೆ ಕತ್ಸುಯೋರಿಯ ಮಗ ನೊಬುಕಾತ್ಸು, ಅವನಿಗೆ 16 ತುಂಬುವವರೆಗೆ ಕತ್ಸುಯೋರಿ ಸುಮ್ನೆ ಮನೆ ನೋಡಿಕೊಳ್ಳಲಿ ಅಂತ ಶಿಂಗೆನ್ ಸಾಯುವಾಗ ಹೇಳಿದನಂತೆ.

ಇದು ಯಾಕೆ ಮುಖ್ಯ ಅಂದರೆ, ಆಗಿನ ದಂಡು ಈಗಿನ ಸೈನ್ಯದ ಹಾಗೆ ಸಂಬಳದ ಸೈನ್ಯವಲ್ಲ. ನಮ್ಮ ಪಾಳೆಯಗಾರರ ಹಾಗೆ ಒಬ್ಬೊಬ್ಬ ಸರದಾರನೂ ತನ್ನ ಜಮೀನಿನ ಲೆಕ್ಕಕ್ಕೆ ತಕ್ಕಂತೆ ತನ್ನ ಆಳು, ತನ್ನ ಕುದುರೆ, ತನ್ನ ಈಟಿ ತರಬೇಕು, ಬದಲಿಗೆ ಒಡೆಯ ಅವನ ಜಮೀನು ಕಾಯಬೇಕು. ಒಡೆಯ ಬಂದೇ ಬರುತ್ತಾನೆ ಅನ್ನುವ ನಂಬಿಕೆ ಹೋದರೆ ದಂಡೇ ಇಲ್ಲ.

ಕತ್ಸುಯೋರಿ ಸೋತ ನಾಗಶಿನೋ ಯುದ್ಧ ಎಲ್ಲರಿಗೂ ಗೊತ್ತು. 1575, ತಕೇದಾ ಕಡೆ ಸುಮಾರು 15,000, ಓಡಾ ನೊಬುನಾಗಾ ಮತ್ತು ತೊಕುಗಾವಾ ಇಯೆಯಾಸು ಕಡೆ 38,000 ಅನ್ನುವುದು ರೂಢಿಯ ಲೆಕ್ಕ. ಓಡಾ ಕಡೆಯವರದು ಮರದ ಬೇಲಿ, ಅದರ ಹಿಂದೆ ಬಂದೂಕು. ಮೂರು ಸಾಲಿನಲ್ಲಿ ಸರದಿಯಂತೆ ಹಾರಿಸಿದರು ಅನ್ನುವ ಕಥೆಯನ್ನು ಈಗಿನ ಇತಿಹಾಸಕಾರರು ಅಷ್ಟಾಗಿ ಒಪ್ಪುವುದಿಲ್ಲ. ಯಾಮಾಗಾತಾ, ಬಾಬಾ, ನಾಯ್ತೋ, ಅಪ್ಪನ ಕಾಲದ ಈ ಹಿರಿಯರು ಒಂದೇ ದಿನ ಸತ್ತರು. ಅಷ್ಟಾದರೂ ತಕೇದಾ ಮನೆ ಇನ್ನೂ ಏಳು ವರ್ಷ ನಿಂತಿತು ಅನ್ನುವುದನ್ನು ಮರೆಯಬಾರದು.

ನಾನು ತೋರಿಸುವುದು 1581ನ್ನು. ತಕತೆಂಜಿನ್ ಕೋಟೆಯನ್ನು ಇಯೆಯಾಸು ಸುತ್ತಲೂ ಚಿಕ್ಕ ಚಿಕ್ಕ ಕೋಟೆ ಕಟ್ಟಿ ಉಸಿರುಗಟ್ಟಿಸಿದ. ಒಳಗಿದ್ದವರು ಶರಣಾಗಲು ಸಿದ್ಧರಿದ್ದರು. ನೊಬುನಾಗಾ ಒಪ್ಪಬೇಡಿ ಎಂಬ ಸಲಹೆ ಕಳಿಸಿದ. ಕತ್ಸುಯೋರಿ ನೆರವಿಗೆ ಬಂದರೆ ಅಲ್ಲೇ ಬಡಿಯಬಹುದು, ಬರದಿದ್ದರೆ ಅವನ ಎಲ್ಲ ಕೋಟೆಗಳವರಿಗೂ ಇವನು ಬರುವುದಿಲ್ಲ ಅಂತ ತಿಳಿಯುತ್ತದೆ. ಎಂಥ ಕ್ರೂರ ಲೆಕ್ಕ! ನೆರೆಯ ಹೋಜೋ ಮನೆತನದ ಜೊತೆಗಿನ ಮೈತ್ರಿಯೂ ಅಷ್ಟರಲ್ಲಿ ಮುರಿದಿತ್ತು, ಎರಡು ಕಡೆ ಶತ್ರುಗಳನ್ನು ಇಟ್ಟುಕೊಂಡ ಕತ್ಸುಯೋರಿ ಬರಲಾಗಲಿಲ್ಲ. ಆಕಡೆ ಒಳಗಿದ್ದವರು ಹಸಿದು, ಬಾಗಿಲು ತೆರೆದು ಹೊರಗೆ ನುಗ್ಗಿ ಸತ್ತರು.

ಮುಂದಿನ ವರ್ಷವೇ ಎಲ್ಲ ಕುಸಿಯಿತು. ಮೊದಲು ತಂಗಿಯ ಗಂಡ ಕಿಸೋ ಯೋಶಿಮಾಸಾ ಶತ್ರುವಿನ ಕಡೆ ಹೋದ. ಆಮೇಲೆ ಹತ್ತಿರದ ನೆಂಟ ಅನಾಯಾಮಾ. ಕೊನೆಗೆ ಆಶ್ರಯ ಕೊಡುತ್ತೇನೆಂದ ಸರದಾರ ಒಯಾಮಾದಾ ದಾರಿಯನ್ನೇ ಮುಚ್ಚಿದ. ಕಡೆಯವರೆಗೆ ಕಾದಾಡಿ ಸತ್ತವನು ತಕಾತೋ ಕೋಟೆಯಲ್ಲಿದ್ದ ಮಲತಮ್ಮ ಮೋರಿನೊಬು.

ತಾನೋ ಎಂಬ ಬೆಟ್ಟದ ಹಳ್ಳಿಯಲ್ಲಿ ಕತ್ಸುಯೋರಿ ಕೊನೆಯಾದ. ಜೊತೆಯಲ್ಲಿ 19 ವರ್ಷದ ಹೆಂಡತಿ ಇದ್ದಳು, ತವರಾದ ಹೋಜೋದವರ ಕಡೆ ಹೋಗದೆ ಗಂಡನ ಜೊತೆಗೇ ಉಳಿದವಳು. ಮಗ ನೊಬುಕಾತ್ಸುವೂ ಇದ್ದ. ಆ ಕಾಲದ ಎಣಿಕೆಯಲ್ಲಿ ಅವನಿಗೆ ಆ ವರ್ಷ 16.