ಮರ್ಮಗೋವಾದಲ್ಲಿ ಹಡಗು ನಿಂತಾಗ ನಿಮ್ಮ ಕೈಗೆ ಸಿಗೋ ಟೈಮ್ ಎಷ್ಟು?

ಕ್ರೂಸ್ ಹಡಗಿಂದ (ಪ್ರವಾಸಿ ಹಡಗಿಂದ) ಇಳಿದವರು ನನ್ನನ್ನ ಮೊದಲು ಕೇಳೋದೇ "ಕಲಂಗುಟ್ ಎಷ್ಟು ದೂರ" ಅಂತ. ಮುಂಬೈಲಿ ಹಡಗು ಹತ್ತಿ ಬಂದ ನಮ್ಮ ದಾವಣಗೆರೆ ಫ್ಯಾಮಿಲಿ ಆಗ್ಲಿ, ಯುರೋಪಿಂದ ಬಂದ ವಯಸ್ಸಾದ ಜೋಡಿ ಆಗ್ಲಿ, ಎಲ್ಲರಿಗೂ ಗೋವಾ ಅಂದ್ರೆ ಆ ಬೀಚೇ. ಆದ್ರೆ ಹಡಗು ನಿಲ್ಲೋದು ವಾಸ್ಕೋ ಪಕ್ಕ ಮರ್ಮಗೋವಾದಲ್ಲಿ, ಜುವಾರಿ ನದಿ ಸಮುದ್ರ ಸೇರೋ ಜಾಗದಲ್ಲಿ. ಕಲಂಗುಟ್‌ಗೆ ಜುವಾರಿನೂ ದಾಟಬೇಕು ಮಾಂಡವಿನೂ ದಾಟಬೇಕು, ಪಣಜಿ ಟ್ರಾಫಿಕ್ ಸಿಕ್ರೆ ಹೋಗೋಕೇ ಒಂದೂವರೆ ಗಂಟೆ. ಹೊಸ ಜುವಾರಿ ಸೇತುವೆ ಆದ್ಮೇಲೆ ಎಷ್ಟೋ ವಾಸಿ, ಹಳೇ ಬ್ರಿಡ್ಜ್ ಕಾಲದಲ್ಲಿ ನಾನು ಬೆವತು ಹೋಗ್ತಿದ್ದೆ.

ಲೆಕ್ಕ ಹಾಕಿ ನೋಡಿ. ಬೆಳಗ್ಗೆ 8ಕ್ಕೆ ಬರುತ್ತೆ, ಸಂಜೆ 5ಕ್ಕೆ ಹೊರಡುತ್ತೆ ಅಂದ್ರೆ ಒಂಬತ್ತು ಗಂಟೆ ಸಿಕ್ತು ಅನ್ಕೊಂತೀರಿ. ಇಳಿಯೋಕೆ ಕ್ಲಿಯರೆನ್ಸ್ (ಅನುಮತಿ) ಆಗಿ, ಕ್ಯೂ ನಿಂತು, ಬಸ್ ಹತ್ತಿ ಗೇಟಿಗೆ ಬರೋಷ್ಟ್ರಲ್ಲಿ 9.30 ಆಗಿರುತ್ತೆ, ಯಾಕಂದ್ರೆ ಇದು ಕಲ್ಲಿದ್ದಲು, ಅದಿರು ಓಡಾಡೋ ಬಂದರು, ಒಳಗೆ ಮನಸ್ಸಿಗೆ ಬಂದಂಗೆ ನಡ್ಕೊಂಡು ಓಡಾಡೋಕೆ ಬಿಡಲ್ಲ. ಹಡಗು ಹೊರಡೋ ಅರ್ಧ-ಒಂದು ಗಂಟೆ ಮುಂಚೆನೇ ಆಲ್ ಅಬೋರ್ಡ್, ಅಂದ್ರೆ ಎಲ್ಲರೂ ಹಡಗು ಹತ್ತಿರಬೇಕಾದ ಟೈಮ್, ಇರುತ್ತೆ, ಅದಕ್ಕೂ ಒಂದು ಗಂಟೆ ಮುಂಚೆ ಗೇಟಲ್ಲಿರಿ ಅಂತ ನಾನು ಹಠ ಹಿಡಿದು ಹೇಳ್ತೀನಿ. ಉಳಿಯೋದು ಐದೂವರೆ ಗಂಟೆ ಅಷ್ಟೇ.

ಇನ್ನೊಂದು, ಇದನ್ನ ತುಂಬಾ ಜನ ಮರೀತಾರೆ. ನಮ್ಮ ದೇಶದ ಟೈಮ್ ಗ್ರೀನಿಚ್ ಟೈಮ್‌ಗಿಂತ (GMT) ಐದೂವರೆ ಗಂಟೆ ಮುಂದೆ, ಆ ಅರ್ಧ ಗಂಟೆಗೋಸ್ಕರ ಕೆಲವು ವಿದೇಶಿ ಹಡಗುಗಳು ಗಡಿಯಾರ ಬದಲಾಯ್ಸಲ್ಲ. ಮೊಬೈಲ್ ಮಾತ್ರ ಇಲ್ಲಿನ ನೆಟ್‌ವರ್ಕ್ ಹಿಡಿದು ತಾನೇ ಬದಲಾಗುತ್ತೆ. ಒಂದು ಸಲ ನನ್ನ ಜೊತೆ ಬಂದ ಇಬ್ಬರು ಮೊಬೈಲ್ ನೋಡ್ಕೊಂಡು ಆರಾಮಾಗಿ ಗೋಡಂಬಿ ಕೊಳ್ತಾ ಇದ್ರು, ಹಡಗಿನ ಗಡಿಯಾರ ಅರ್ಧ ಗಂಟೆ ಮುಂದಿತ್ತು, ಗ್ಯಾಂಗ್‌ವೇ (ಹಡಗು ಹತ್ತೋ ಮೆಟ್ಟಿಲು) ತೆಗೆಯೋಕೆ ಕೆಲವೇ ನಿಮಿಷ ಇದ್ದಾಗ ಮುಟ್ಟಿಸಿದೆ. ಅವರಲ್ಲಿ ಒಬ್ಬರಾದ ಅಜ್ಜಿಯ ಕೈ ನಡುಗ್ತಾ ಇದ್ದಿದ್ದು ಇನ್ನೂ ಕಣ್ಮುಂದೆ ಇದೆ. ಅವತ್ತಿಂದ ಶಿಪ್ ಟೈಮ್ ಏನು ಅಂತ ಕೇಳ್ದೆ ಗಾಡಿ ಸ್ಟಾರ್ಟ್ ಮಾಡಲ್ಲ.

ಆ ಐದೂವರೆ ಗಂಟೇಲಿ ಎಲ್ಲಿಗೆ ಹೋಗೋದು? ಓಲ್ಡ್ ಗೋವಾಕ್ಕೆ ಹೋಗಿ. ಬಂದರಿಂದ ಹೆಚ್ಚುಕಮ್ಮಿ 30 ಕಿ.ಮೀ., ಬಾಮ್ ಜೀಸಸ್ ಬೆಸಿಲಿಕಾ ನೋಡಿ ರಸ್ತೆ ದಾಟಿದ್ರೆ ಸೆ ಕೆಥೆಡ್ರಲ್, ವಯಸ್ಸಾದವರಿಗೂ ಕಷ್ಟ ಇಲ್ಲ. 1552ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಬೆಸಿಲಿಕಾದಲ್ಲೇ ಇದೆ, ಇಲ್ಲಿನ ಚರ್ಚುಗಳು 1986ರಿಂದ ವಿಶ್ವ ಪರಂಪರೆ ಪಟ್ಟಿಲಿವೆ. ಭುಜ, ಮೊಣಕಾಲು ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರೋದ್ರಿಂದ ಮೊದಲು ಪಣಜಿಯ ಹಳೇ ಪೋರ್ಚುಗೀಸ್ ಮನೆಗಳ ಫೊಂಟೇನ್ಹಾಸ್ ಗಲ್ಲಿ ಸುತ್ತಿಸಿ ಆಮೇಲೆ ಕರ್ಕೊಂಡು ಹೋಗ್ತೀನಿ. ಡಿಸೆಂಬರ್ 3 ಸಂತರ ಹಬ್ಬ, ಅವತ್ತು ಹಡಗಿನವರಿಗೆ ಆ ಕಡೆ ಬೇಡವೇ ಬೇಡ, ಅಷ್ಟು ಜನ. ದೇವಸ್ಥಾನ ನೋಡ್ಬೇಕು ಅನ್ನೋ ನಮ್ಮವರಿಗೆ ಫೋಂಡಾ ಹತ್ರ ಮಂಗೇಶಿ ಇದೆ, ಆದ್ರೆ ಓಲ್ಡ್ ಗೋವಾದ ಜೊತೆ ಅದನ್ನೂ ತುರುಕಿದ್ರೆ ಊಟ ಬಿಡಬೇಕಾಗುತ್ತೆ.

ದೂರ ಪ್ರಯಾಣ ಬೇಡ ಅಂದ್ರೆ ಬೋಗ್ಮಾಲೋ ಬೀಚ್ ಹತ್ರದಲ್ಲೇ ಇದೆ, ಅಲ್ಲೇ ನೌಕಾಪಡೆಯ ವಿಮಾನ ಮ್ಯೂಸಿಯಂ, ಸೋಮವಾರ ರಜೆ.

ಟ್ಯಾಕ್ಸಿ ಹತ್ತೋ ಮುಂಚೆನೇ ರೇಟ್ ಮಾತಾಡಿ. ಕಾಯೋ ಚಾರ್ಜ್, ಪಾರ್ಕಿಂಗ್ ಸೇರಿದ್ಯಾ, ವಾಪಸ್ ಯಾವ ಗೇಟಿಗೆ ಬಿಡ್ತೀರಾ, ಮೂರೂ ಕೇಳಿ. ಕನ್ನಡದಲ್ಲೇ ಕೇಳಿ ನೋಡಿ, ವಾಸ್ಕೋದ ಬಾಯ್ನಾ, ಜುವಾರಿನಗರದ ಕಡೆ ನಮ್ಮ ಉತ್ತರ ಕರ್ನಾಟಕದ ಜನ ತಲೆಮಾರಿಂದ ಇದಾರೆ, "ಯಾವ ಊರ್ರೀ ನಿಮ್ದು" ಅಂತ ಡ್ರೈವರೇ ಕೇಳಿದ್ರೆ ಆಶ್ಚರ್ಯಪಡಬೇಡಿ.

ಹಡಗಿನ ಕಾರ್ಡ್, ಫೋಟೋ ಇರೋ ಗುರುತಿನ ಚೀಟಿ, ವಿದೇಶಿಗರಾದ್ರೆ ಪಾಸ್‌ಪೋರ್ಟ್ ಮತ್ತು ವೀಸಾ ಜೆರಾಕ್ಸ್ ಜೇಬಲ್ಲಿರ್ಲಿ. ಬಂದರಿನ ಏಜೆಂಟ್ (ಹಡಗು ಕಂಪನಿಯ ಇಲ್ಲಿನ ಪ್ರತಿನಿಧಿ) ನಂಬರ್ ಹಡಗಲ್ಲಿ ಹಂಚೋ ದಿನದ ಹಾಳೇಲಿ ಇರುತ್ತೆ, ಅದನ್ನ ಫೋಟೋ ತೆಗೆದುಕೊಳ್ಳಿ. ಹಡಗು ತಪ್ಪಿದ್ರೆ ಮೊದಲ ಫೋನ್ ಅವರಿಗೇ. ಮುಂದಿನ ನಿಲ್ದಾಣ ನವ ಮಂಗಳೂರು ಆಗಿದ್ರೆ ಮಡಗಾಂವ್‌ನಿಂದ ಕೊಂಕಣ ರೈಲು ಹಿಡೀಬಹುದು, ಖರ್ಚು ಸಾಮಾನ್ಯವಾಗಿ ನಿಮ್ಮದೇ. ದಿನಾ ತಗೊಳ್ಳೋ ಮಾತ್ರೆ ಮಾತ್ರ ಹಡಗಲ್ಲಿ ಬಿಟ್ಟು ಬರಬೇಡಿ, ಎರಡು ದಿನಕ್ಕಾಗೋಷ್ಟು ಕೈಚೀಲದಲ್ಲಿ ಇರ್ಲಿ.